ಬಾಯಿ ನಕ್ಕರೆ ಕಣ್ಣು ಮುಚ್ಚುತ್ತದೆ: ಮುಖದ ಲಕ್ವ ವಾಸಿಯಾದ ಮೇಲಿನ ಮಾತು

ಒಂಬತ್ತು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ, ಬಾಯಿ ಮುಕ್ಕಳಿಸಿದ ನೀರು ತುಟಿಯ ಬಲ ಅಂಚಿನಿಂದ ತಾನೇ ಸೋರಿ ಹೋಯಿತು. ಹಿಂದಿನ ದಿನ ಬಲಗಿವಿಯ ಹಿಂದೆ ಒಂಥರಾ ನೋವಿತ್ತು, ಅಷ್ಟೇ. ಕಾಫಿ ಕುಡಿಯಲು ಕೂತೆ, ಅದೂ ಸೀರೆಯ ಮೇಲೆ ಬಿತ್ತು. ಕನ್ನಡಿ ಮುಂದೆ ನಿಂತರೆ ಅರ್ಧ ಮುಖ ನನ್ನದು, ಇನ್ನರ್ಧ ಯಾರದೋ. ಹುಬ್ಬು ಏರುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಕೆನ್ನೆ ಜೋತು ಬಿದ್ದಿದೆ. ಕಣ್ಣು ಮುಚ್ಚಲು ಹೋದರೆ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿ ಭಾಗ ಮಾತ್ರ ಕಾಣುತ್ತಿತ್ತು. ಆ ಬಿಳಿಯನ್ನು ನೋಡಿ ನನ್ನ ಮಗಳು ಕಿರುಚಿದಳು.

ಇಲ್ಲಿ ಕೂತಿರುವವರಲ್ಲಿ ಕೆಲವರು ಅಂಥ ಬೆಳಿಗ್ಗೆಯನ್ನು ಕಂಡವರೇ. ಉಳಿದವರು ನಿಮ್ಮ ಮನೆಯವರಿಗಾಗಿ ಬಂದಿದ್ದೀರಿ. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ಕಾಯಿಲೆ ಬಂದ ಮೊದಲ ವಾರದ ಬಗ್ಗೆ ಹೇಳುವವರು ಬಹಳ ಜನ ಸಿಗುತ್ತಾರೆ. ವಾಸಿಯಾಯಿತು ಅಂದುಕೊಂಡ ಮೇಲೆ, ನಾಲ್ಕನೆಯ ತಿಂಗಳಿಗೋ ಆರನೆಯ ತಿಂಗಳಿಗೋ ಮುಖ ಅದರಲು ಶುರುವಾಗುತ್ತದಲ್ಲ, ಆಗ ಹೇಳುವವರು ಯಾರೂ ಇರುವುದಿಲ್ಲ. ನನಗೂ ಇರಲಿಲ್ಲ. ಅದಕ್ಕೇ ಬಂದೆ.

ಅವತ್ತು ಮನೆಯಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಗಾಳಿ ಬಡಿದಿದೆ. ಹಿಂದಿನ ಸಂಜೆ ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿನ ಕಿಟಕಿ ಪಕ್ಕ ಕೂತು ಬಂದಿದ್ದೆ, ಅದೇ ಕಾರಣ ಅಂದರು. ಹಿರಿಯರು ಹಾಗೆ ಹೇಳಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಪಾರ್ಶ್ವವಾಯು, ಅರ್ಧಾಂಗವಾಯು ಅನ್ನುವ ಹೆಸರುಗಳಲ್ಲೇ ವಾಯು ಇದೆ. ಆದರೆ ಗಾಳಿ ಅಂದುಕೊಂಡ ಮನೆಯಲ್ಲಿ ಎಣ್ಣೆ ಕಾಯಿಸುತ್ತಾರೆ, ಶಾಖ ಕೊಡುತ್ತಾರೆ, ಮಫ್ಲರ್ ಸುತ್ತುತ್ತಾರೆ. ಅಷ್ಟರಲ್ಲಿ ಮೂರು ದಿನ ಹೋಗುತ್ತದೆ. ಈ ಕಾಯಿಲೆಯಲ್ಲಿ ಆ ಮೂರು ದಿನಕ್ಕೆ ಎಷ್ಟು ಬೆಲೆ ಇದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಮುಖವನ್ನು ಕುಣಿಸುವ ನರ ಮಿದುಳಿನಿಂದ ಹೊರಟು ಕಿವಿಯ ಹಿಂಬದಿಯ ಮೂಳೆಯೊಳಗೆ ಸುಮಾರು ಮೂರು ಸೆಂಟಿಮೀಟರ್ ಉದ್ದದ ಒಂದು ಕೊಳವೆಯಲ್ಲಿ ಹಾದು ಬರುತ್ತದೆ. ಅದರ ಅತಿ ಇಕ್ಕಟ್ಟಾದ ಜಾಗ ಒಂದು ಮಿಲಿಮೀಟರ್ ಕೂಡ ಇಲ್ಲ. ನರ ಊದಿಕೊಂಡರೆ ಅಲ್ಲಿ ಹಿಗ್ಗಲು ಜಾಗವಿಲ್ಲ, ಮೂಳೆ ಬಿಟ್ಟುಕೊಡುವುದಿಲ್ಲ, ನರ ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ಊತ ಯಾಕೆ ಬರುತ್ತದೆ ಅಂದರೆ, ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ಒಳಗೆ ಮಲಗಿದ್ದು ಮತ್ತೆ ಏಳುತ್ತದೆ ಅನ್ನುವ ಕಡೆಗೇ ಹೆಚ್ಚಿನ ತಜ್ಞರ ಒಲವು. ಸಕ್ಕರೆ ಕಾಯಿಲೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚು. ಅದೇ ನರದ ಎಳೆಗಳು ನಾಲಿಗೆಯ ಮುಂಭಾಗದ ರುಚಿಯನ್ನೂ ನೋಡಿಕೊಳ್ಳುತ್ತವೆ, ಕಿವಿಯೊಳಗಿನ ಒಂದು ಪುಟ್ಟ ಸ್ನಾಯುವನ್ನೂ ಹಿಡಿದಿಡುತ್ತವೆ. ಅದಕ್ಕೇ ನನಗೆ ಆ ವಾರ ಸಾರು ಸಪ್ಪೆ, ಪಾತ್ರೆಯ ಸದ್ದು ಸಿಡಿಲು.

ಈ ಕಾಯಿಲೆಗೆ ಬೆಲ್ಸ್ ಪಾಲ್ಸಿ ಅನ್ನುವ ಹೆಸರು ಬಂದದ್ದು ಚಾರ್ಲ್ಸ್ ಬೆಲ್ ಅನ್ನುವ ಶಸ್ತ್ರವೈದ್ಯರಿಂದ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1774ರಲ್ಲಿ ಹುಟ್ಟಿದವರು, 1821ರಲ್ಲಿ ಮುಖದ ನರಗಳ ಬಗ್ಗೆ ಬರೆದವರು. ಅವರ ನಾಡಿನಲ್ಲೇ ಸುಮಾರು ಐನೂರು ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮುಖ ಸೊಟ್ಟಗಾದ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿ ಹತ್ತು ದಿನ ಕೊಟ್ಟರು. ಒಂಬತ್ತು ತಿಂಗಳ ಹೊತ್ತಿಗೆ ಮಾತ್ರೆ ತೆಗೆದುಕೊಂಡವರಲ್ಲಿ ನೂರಕ್ಕೆ 94 ಮಂದಿ ಪೂರ್ತಿ ಸರಿಹೋಗಿದ್ದರು, ತೆಗೆದುಕೊಳ್ಳದವರಲ್ಲಿ 82 ಮಂದಿ. ಆ ಹನ್ನೆರಡು ಮಂದಿಯನ್ನು ನೀವು ಅಂಕಿಯಾಗಿ ನೋಡಬೇಡಿ. ಹನ್ನೆರಡು ಜನರ ಮುಖ ಅದು. ನಾನು ಆಸ್ಪತ್ರೆಗೆ ಹೋದದ್ದು ಐದನೆಯ ದಿನ.

ಇನ್ನೊಂದು ಕಾರಣಕ್ಕೂ ಅವತ್ತೇ ಹೋಗಬೇಕು. ಮಿದುಳಿನ ಲಕ್ವಕ್ಕೂ ಇದಕ್ಕೂ ಒಂದು ವ್ಯತ್ಯಾಸವನ್ನು ವೈದ್ಯರು ಹಣೆಯಲ್ಲಿ ನೋಡುತ್ತಾರೆ. ಹಣೆಗೆ ಮಿದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ, ಹಾಗಾಗಿ ಮಿದುಳಿನ ಲಕ್ವದಲ್ಲಿ ಸಾಮಾನ್ಯವಾಗಿ ಬಾಯಿ ಸೊಟ್ಟಗಾದರೂ ಹುಬ್ಬು ಏರುತ್ತದೆ. ನರವೇ ಕೆಟ್ಟಾಗ ಹುಬ್ಬೂ ಏರುವುದಿಲ್ಲ. ಇದು ನಿಮ್ಮ ತಿಳಿವಳಿಕೆಗೆ ಮಾತ್ರ. ಮನೆಯಲ್ಲಿ ಹುಬ್ಬು ಏರಿಸಿ ನೋಡಿಕೊಂಡು ಸುಮ್ಮನೆ ಕೂರಬೇಡಿ. ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬೇಡಿ. ಕಿವಿಯಲ್ಲಿ ಗುಳ್ಳೆ ಎದ್ದಿದ್ದರೆ, ಕಿವಿ ಸೋರುತ್ತಿದ್ದರೆ, ಮುಖದ ಸೋಲು ವಾರಗಟ್ಟಲೆ ನಿಧಾನಕ್ಕೆ ಹೆಚ್ಚುತ್ತಿದ್ದರೆ, ನಾಲ್ಕು ತಿಂಗಳಾದರೂ ಒಂದಿಷ್ಟೂ ಚಲನೆ ಬಾರದಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ನಮ್ಮ ದೇಶದಲ್ಲಿ ಕುಷ್ಠರೋಗದಿಂದಲೂ ಕಣ್ಣು ಮುಚ್ಚದ ಹಾಗೆ ಆಗುವುದುಂಟು. ಮುಜುಗರ ಪಡದೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇರುವವರು ಸ್ಟೀರಾಯ್ಡ್ ತೆಗೆದುಕೊಳ್ಳುವಾಗ ಸಕ್ಕರೆ ಏರುತ್ತದೆ, ಅದನ್ನು ಮೊದಲೇ ಹೇಳಿ.

ಕಣ್ಣಿನ ವಿಷಯ. ಮುಚ್ಚದ ಕಣ್ಣು ಒಣಗುತ್ತದೆ, ಒಣಗಿದರೆ ಕಪ್ಪುಗುಡ್ಡೆಗೆ ಹುಣ್ಣಾಗುತ್ತದೆ. ಬಾಯಿ ಸೊಟ್ಟಗಾದರೆ ಸರಿಪಡಿಸಿಕೊಳ್ಳಬಹುದು, ದೃಷ್ಟಿ ಹೋದರೆ ಕಷ್ಟ. ಹಗಲು ಕೃತಕ ಕಣ್ಣೀರಿನ ಹನಿ, ರಾತ್ರಿ ಮುಲಾಮು, ರೆಪ್ಪೆಯನ್ನು ಬೆರಳ ಬೆನ್ನಿನಿಂದ ಮೆಲ್ಲಗೆ ಪೂರ್ತಿ ಇಳಿಸಿ ಮೇಲೆ ಟೇಪು. ರೆಪ್ಪೆ ಅರ್ಧ ತೆರೆದಿರುವಾಗ ಟೇಪು ಹಾಕಿದರೆ ಅದೇ ಕಣ್ಣನ್ನು ತರಚುತ್ತದೆ. ಬೈಕಿನಲ್ಲಿ ಕನ್ನಡಕ ಬೇಕೇ ಬೇಕು. ದಯವಿಟ್ಟು ಎಲೆಯ ರಸ, ಜೇನು, ಎದೆಹಾಲು ಯಾವುದನ್ನೂ ಕಣ್ಣಿಗೆ ಬಿಡಬೇಡಿ.

ಶಾಲೆಗೆ ಎರಡು ವಾರ ರಜೆ ಹಾಕಿದ್ದೆ. ಮರಳಿ ಹೋಗಿ ಹಾಜರಿ ಕೂಗಿದ ಮೊದಲ ದಿನ ನನಗೆ ಒಂದು ಸಂಗತಿ ಗೊತ್ತಾಯಿತು. ಇಪ್ಪತ್ತೆರಡು ವರ್ಷ ವರ್ಗೀಯ ವ್ಯಂಜನಗಳನ್ನು ಕಲಿಸಿದ್ದೇನೆ: ಕವರ್ಗ ಕಂಠದ್ದು, ತವರ್ಗ ಹಲ್ಲಿನದ್ದು, ಪವರ್ಗ ತುಟಿಯದ್ದು. ಅದನ್ನು ಪುಸ್ತಕದಲ್ಲಿರುವ ಮಾತಾಗಿ ಕಲಿಸಿದ್ದೆ. ಅವತ್ತು ಕ, ಚ, ಟ, ತ ಎಲ್ಲ ಸರಿಯಾಗಿ ಬಂದವು. ಪ, ಫ, ಬ, ಭ, ಮ ಮಾತ್ರ ತುಟಿಯ ಸಂದಿನಿಂದ ಗಾಳಿಯಾಗಿ ಹೋದವು. ಬಲತುಟಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ಪವರ್ಗದ ಹೆಸರುಗಳನ್ನು ಕೂಗಿದೆ. ಮಕ್ಕಳು ನಗಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ತನ್ನ ಹೆಸರು ಬರುವ ಮೊದಲೇ ಎದ್ದು ನಿಂತು "ಬಂದಿದ್ದೇನೆ ಟೀಚರ್" ಅಂದ, ನಾನು ಅದನ್ನು ಹೇಳಬೇಕಾಗಿ ಬರದಿರಲಿ ಅಂತ. ಅವನ ಹೆಸರು ಪಕಾರದಿಂದ ಶುರುವಾಗುತ್ತಿತ್ತು.

ಚೇತರಿಕೆ ಹೇಗೆ ಬರುತ್ತದೆ ಅನ್ನುವುದಕ್ಕೆ ಡೆನ್ಮಾರ್ಕಿನ ಲೆಕ್ಕ ಬಹಳ ಬೆಲೆಯುಳ್ಳದ್ದು. ಅಲ್ಲಿ ಒಬ್ಬ ವೈದ್ಯರು ಇಪ್ಪತ್ತೈದು ವರ್ಷಗಳಲ್ಲಿ 1,701 ಬೆಲ್ಸ್ ಪಾಲ್ಸಿ ರೋಗಿಗಳನ್ನು, ಯಾವ ಔಷಧಿಯೂ ಕೊಡದೆ, ಸುಮ್ಮನೆ ಗಮನಿಸುತ್ತ ಬಂದರು. ನೂರಕ್ಕೆ 85 ಮಂದಿಗೆ ಮೂರು ವಾರದೊಳಗೆ ಚಲನೆ ಕಾಣಿಸಿತು. ಉಳಿದ 15 ಮಂದಿಗೆ ಬಂದದ್ದು ಮೂರರಿಂದ ಐದು ತಿಂಗಳ ನಂತರ. ಕೊನೆಗೆ 71 ಮಂದಿ ಪೂರ್ತಿ ಮೊದಲಿನಂತಾದರು. ಈ ತಡವಾಗಿ ಬಂದ ಗುಂಪಿದೆಯಲ್ಲ, ಅದು ನನ್ನ ಗುಂಪು. ಇಲ್ಲಿರುವ ಹಲವರ ಗುಂಪೂ ಹೌದು.

ಆ ಮೂರು ತಿಂಗಳು ನಾನು ಸುಮ್ಮನೆ ಕೂರಲಿಲ್ಲ, ಅದೇ ತಪ್ಪಾಯಿತು. ಒಂದು ಕಡೆ ಕೆನ್ನೆಗೆ ಕರೆಂಟು ಕೊಟ್ಟರು, ಇಪ್ಪತ್ತು ದಿನ. ಸ್ನಾಯು ಜಿಗಿಯುವುದನ್ನು ಕಂಡು ನನಗೆ ಆಸೆ ಹುಟ್ಟಿತು. ಬಲೂನು ಊದಿ ಅಂದರು, ಊದಿದೆ. ಚ್ಯೂಯಿಂಗ್ ಗಮ್ ಜಗಿಯಿರಿ ಅಂದರು, ದವಡೆ ನೋಯುವ ತನಕ ಜಗಿದೆ. ಕನ್ನಡಿ ಮುಂದೆ ನಿಂತು ಕಣ್ಣನ್ನು ಗಟ್ಟಿಯಾಗಿ ಹಿಂಡಿ, ಹಲ್ಲು ಕಿರಿದು, ಹಣೆ ಸುಕ್ಕಿಸಿ, ದಿನಕ್ಕೆ ನೂರು ಸಲ. ಬೇಸಾಯದ ಮನೆಯಲ್ಲಿ ಹುಟ್ಟಿದವಳು ನಾನು. ಹೆಚ್ಚು ದುಡಿದರೆ ಹೆಚ್ಚು ಬೆಳೆ ಅನ್ನುವುದು ರಕ್ತದಲ್ಲಿದೆ. ಜಗಿಯುವ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರವೇ ಬೇರೆ, ಅದು ಕೆಟ್ಟೇ ಇರಲಿಲ್ಲ ಅನ್ನುವುದನ್ನು ಯಾರೂ ಹೇಳಲಿಲ್ಲ. ಕರೆಂಟಿನಿಂದ ಚೇತರಿಕೆ ಬೇಗ ಆಗುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ, ಮುಖದ ಪುನರಭ್ಯಾಸದಲ್ಲಿ ಪಳಗಿದ ಹಲವರು ಅದು ಬೇಡವೇ ಬೇಡ ಅನ್ನುತ್ತಾರೆ ಅನ್ನುವುದೂ ಆಮೇಲೆ ತಿಳಿಯಿತು.

ನಾಲ್ಕನೆಯ ತಿಂಗಳಿಗೆ ತುಟಿ ಏರಿತು. ಮನೆಯಲ್ಲಿ ಹೋಳಿಗೆ ಮಾಡಿದರು. ಆ ಹೋಳಿಗೆ ತಿನ್ನುವಾಗಲೇ ಮಗಳು ಕೇಳಿದ್ದು: "ಅಮ್ಮ, ನೀನು ಜಗಿದಾಗಲೆಲ್ಲ ಯಾಕೆ ಕಣ್ಣು ಹೊಡೀತೀಯ?"

ಅಲ್ಲಿಂದ ಒಂದೊಂದಾಗಿ ಕಂಡವು. ನಕ್ಕರೆ ಬಲಗಣ್ಣು ಸಣ್ಣದಾಗುತ್ತದೆ. ಕಣ್ಣು ಮಿಟುಕಿಸಿದರೆ ತುಟಿಯ ಅಂಚು ಸೆಳೆಯುತ್ತದೆ. ಪಾಠ ಮಾಡುವಾಗ ಗದ್ದದಲ್ಲಿ ಕಿತ್ತಳೆ ಸಿಪ್ಪೆಯಂಥ ಗುಳಿಗಳು, ಕುತ್ತಿಗೆಯಲ್ಲಿ ಹಗ್ಗದಂತೆ ಎದ್ದ ಸ್ನಾಯು. ಸಂಜೆಯಾದರೆ ಕೆನ್ನೆ ಒಣಗಿದ ಚರ್ಮದ ಹಾಗೆ ಬಿಗಿ. ಒಂದು ಮಧ್ಯಾಹ್ನ ಮೊಸರನ್ನ ಉಣ್ಣುತ್ತಿದ್ದೆ, ಬಲಗಣ್ಣಿನಿಂದ ನೀರು ಧಾರೆಯಾಗಿ ಸುರಿಯಿತು. ಉಪ್ಪಿನಕಾಯಿ ಖಾರ ಅಂದುಕೊಂಡೆ. ಉಪ್ಪಿನಕಾಯಿ ಬಿಟ್ಟೆ, ಮರುದಿನವೂ ಸುರಿಯಿತು. ನನ್ನ ಅತ್ತೆ ತಟ್ಟೆ ಬದಿಗಿಟ್ಟು ನನ್ನ ಪಕ್ಕ ಬಂದು ಕೂತರು, ಯಾರು ಏನಂದರು ಅಂತ ಕೇಳುತ್ತ. ಯಾರೂ ಏನೂ ಅಂದಿರಲಿಲ್ಲ. ನನಗೆ ದುಃಖವೂ ಇರಲಿಲ್ಲ. ಆದರೆ ಅವರು ಹಾಗೆ ಕೇಳಿದ ಮೇಲೆ ನಾನು ನಿಜವಾಗಿಯೂ ಅತ್ತುಬಿಟ್ಟೆ.

ಇದನ್ನು ಸಿಂಕೈನೆಸಿಸ್ ಅನ್ನುತ್ತಾರೆ. ನಾನು ಅದಕ್ಕೆ ಜೊತೆಸೆಳೆತ ಅನ್ನುತ್ತೇನೆ, ನೀವೂ ಹಾಗೇ ಕರೆಯಬಹುದು. ನಮ್ಮ ಮಲೆನಾಡಿನಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ಟೆಲಿಫೋನಿನ ದಪ್ಪ ಕೇಬಲ್ ತುಂಡಾಗುತ್ತಿದ್ದ ಕಾಲ ನೆನಪಿದೆಯೇ? ಒಳಗೆ ನೂರಾರು ಸಣ್ಣ ತಂತಿ. ಕತ್ತಲಲ್ಲಿ, ಮಳೆಯಲ್ಲಿ ಯಾರೋ ಕೂತು ಅವನ್ನು ಜೋಡಿಸಿದರೆ ನಿಮ್ಮ ಮನೆಗೆ ಬರಬೇಕಾದ ಫೋನು ಪಕ್ಕದ ಮನೆಯಲ್ಲಿ ಬಡಿಯುತ್ತದೆ. ಮುಖದ ನರದಲ್ಲಿ ಸ್ನಾಯುಗಳನ್ನು ಆಡಿಸುವ ಎಳೆಗಳೇ ಸುಮಾರು ಏಳು ಸಾವಿರ. ಸತ್ತ ಎಳೆ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತದೆ. ಬೆಳೆಯುತ್ತ ತುಟಿಗೆ ಹೋಗಬೇಕಾದ್ದು ಕಣ್ಣಿಗೆ ಹೋಗುತ್ತದೆ, ಒಂದೇ ಎಳೆ ಕವಲೊಡೆದು ಎರಡೂ ಕಡೆ ಹೋಗುತ್ತದೆ, ಜೊಲ್ಲಿನ ಗ್ರಂಥಿಗೆ ಹೋಗಬೇಕಾದ್ದು ಕಣ್ಣೀರಿನ ಗ್ರಂಥಿಯನ್ನು ಸೇರುತ್ತದೆ. ಮೊಸರನ್ನಕ್ಕೆ ಕಣ್ಣೀರು ಬಂದದ್ದು ಹಾಗೆ. ಇದಕ್ಕೆ ಮೊಸಳೆ ಕಣ್ಣೀರು ಅನ್ನುವ ಹೆಸರೇ ವೈದ್ಯರ ಪುಸ್ತಕಗಳಲ್ಲಿದೆ. ಆ ಹೆಸರು ನನಗೆ ಇಷ್ಟವಿಲ್ಲ. ಮೊಸಳೆಗೆ ಕಪಟ ಅಂಟಿಸಿದ್ದು ನಾವು. ಉಣ್ಣುವಾಗ ನೀರಿಳಿಯುವ ಕಣ್ಣಿನಲ್ಲಿ ಕಪಟವೇನೂ ಇಲ್ಲ.

ಈ ಅದರುವಿಕೆ ಕಂಡಾಗ ನಿಮಗೆ ಮೊದಲು ಬರುವ ಭಯ ಕಾಯಿಲೆ ಮರಳಿತೇ ಅನ್ನುವುದು. ಹಾಗಲ್ಲ. ನರ ಬೆಳೆದಿದೆ ಅನ್ನುವುದಕ್ಕೇ ಅದು ಗುರುತು, ಬೆಳೆದ ದಾರಿ ತಪ್ಪಿದೆ.

ಎಲ್ಲ ಅದರುವಿಕೆಯೂ ಇದಲ್ಲ ಅನ್ನುವುದನ್ನೂ ಹೇಳಬೇಕು. ಬಲಗಣ್ಣು ಅದರಿದರೆ ಗಂಡಸರಿಗೆ ಒಳ್ಳೆಯದು, ಎಡಗಣ್ಣು ಅದರಿದರೆ ಹೆಂಗಸರಿಗೆ ಒಳ್ಳೆಯದು ಅಂತ ಶಕುನ ನೋಡುತ್ತೇವಲ್ಲ, ಅದು ರೆಪ್ಪೆಯ ಅಂಚಿನ ಸಣ್ಣ ಪಟಪಟ. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ, ಚಿಂತೆಯಲ್ಲಿದ್ದಾಗ ಯಾರಿಗಾದರೂ ಬರುತ್ತದೆ, ತಾನೇ ಹೋಗುತ್ತದೆ. ಆದರೆ ಲಕ್ವ ಬಾರದವರಿಗೂ ಒಂದು ಕಣ್ಣಿನ ಸುತ್ತ ಶುರುವಾಗಿ ತಿಂಗಳುಗಳಲ್ಲಿ ಕೆನ್ನೆಗೆ, ಬಾಯಿಗೆ ಇಳಿಯುವ ಸೆಳೆತ ಒಂದಿದೆ. ಸುಮ್ಮನಿದ್ದಾಗಲೂ, ನಿದ್ದೆಯಲ್ಲೂ ಬರುತ್ತದೆ. ಬಹಳ ಸಲ ತಲೆಯೊಳಗೆ ಒಂದು ರಕ್ತನಾಳ ಈ ನರಕ್ಕೆ ಒತ್ತಿಕೊಂಡಿರುತ್ತದೆ. ಅದಕ್ಕೆ ನರರೋಗ ತಜ್ಞರನ್ನೇ ನೋಡಬೇಕು. ನಮ್ಮ ಜೊತೆಸೆಳೆತ ಮುಖ್ಯವಾಗಿ ನಾವು ಏನಾದರೂ ಮಾಡಿದಾಗ ಬರುತ್ತದೆ: ನಕ್ಕಾಗ, ಉಂಡಾಗ, ರೆಪ್ಪೆ ಬಡಿದಾಗ.

ಏಳು ತಿಂಗಳಾದ ಮೇಲೆ ಮುಖದ ಅಭ್ಯಾಸವನ್ನೇ ವಿಶೇಷವಾಗಿ ಕಲಿತ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ನಾನು ಮಾಡುತ್ತಿದ್ದ ವ್ಯಾಯಾಮವನ್ನೆಲ್ಲ ತೋರಿಸಿದೆ. ಅವರು ಪೂರ್ತಿ ನೋಡಿ, "ನಾಳೆಯಿಂದ ಇವೆಲ್ಲ ನಿಲ್ಲಿಸಿ, ನಿಮ್ಮ ಮುಖ ಸೋತಿಲ್ಲ, ದಣಿದಿದೆ" ಅಂದರು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಅವರು ನನ್ನ ಬಲಕೆನ್ನೆಯನ್ನು ನನ್ನ ಬೆರಳಿನಿಂದಲೇ ಮುಟ್ಟಿಸಿದರು. ಎಡಕೆನ್ನೆ ಹದವಾದ ಹಿಟ್ಟಿನ ಹಾಗಿತ್ತು, ಬಲಕೆನ್ನೆಯೊಳಗೆ ಗಂಟುಗಳಿದ್ದವು. ತಿಂಗಳುಗಟ್ಟಲೆ ಬಲ ಬೇಕು ಅಂದುಕೊಂಡಿದ್ದ ಕೆನ್ನೆ ಸದಾ ಬಿಗಿಹಿಡಿದುಕೊಂಡೇ ಇತ್ತು. ಕಣ್ಣು ಮುಚ್ಚುವುದು, ಬಾಯಿ ಎಳೆಯುವುದು ಎರಡನ್ನೂ ಒಟ್ಟಿಗೆ ಜೋರಾಗಿ ಮಾಡಿ ಮಾಡಿ ನಾನೇ ಮಿದುಳಿಗೆ ಅವೆರಡೂ ಒಂದೇ ಕೆಲಸ ಅಂತ ಕಲಿಸಿಬಿಟ್ಟಿದ್ದೆ. ಆರಂಭದಲ್ಲಿ, ಮುಖ ಪೂರ್ತಿ ಸೋತಿರುವಾಗ, ಜೋರು ಮಾಡಿದರೂ ಎಳೆಗಳಿಗೆ ಅದು ಕೇಳಿಸುವುದೇ ಇಲ್ಲ. ಎಡಗಡೆ ಮಾತ್ರ ಇನ್ನಷ್ಟು ಎಳೆಯುತ್ತದೆ.

ಈಗ ಮಾಡುವುದನ್ನು ಹೇಳುತ್ತೇನೆ. ಮೊದಲು ಬಿಡಿಸುವುದು. ಕೈ ತೊಳೆದುಕೊಂಡು ಹೆಬ್ಬೆರಳನ್ನು ಕೆನ್ನೆಯ ಒಳಗೆ, ತೋರುಬೆರಳನ್ನು ಹೊರಗೆ ಇಟ್ಟು, ಗಂಟು ಸಿಕ್ಕಿದ ಕಡೆ ಮೆಲ್ಲಗೆ ಒತ್ತಿ, ಹಿಗ್ಗಿಸಿ ಹಿಡಿಯಬೇಕು. ಕುತ್ತಿಗೆಯ ಹಗ್ಗವನ್ನೂ ಹಾಗೇ ಕೆಳಕ್ಕೆ ನೀವಬೇಕು. ಭುಜ ಇಳಿಬಿಡಿ, ಹಲ್ಲುಗಳ ನಡುವೆ ಒಂದಿಷ್ಟು ಸಂದು ಇರಲಿ. ಆಮೇಲೆ ಕನ್ನಡಿ. ಬಲಗಣ್ಣನ್ನು ನೋಡುತ್ತ ತುಟಿಯ ಅಂಚನ್ನು ಒಂದು ಅಕ್ಕಿಕಾಳಿನಷ್ಟು ಮಾತ್ರ ಏರಿಸಿ. ಕಣ್ಣು ಕಿರಿದಾಗತೊಡಗಿದ ಕ್ಷಣದಲ್ಲೇ ನಿಲ್ಲಿಸಿ, ಹಿಂದಕ್ಕೆ ಬನ್ನಿ, ಬಿಡಿ. ಮತ್ತೆ. ಎಡಗಡೆಯೂ ಅಷ್ಟೇ ಏರಬೇಕು, ಅದು ಓಡಿಹೋಗಬಾರದು. ಕಣ್ಣು ಮುಚ್ಚುವುದನ್ನೂ ಹೀಗೇ: ತುಟಿ ಸಡಿಲವಾಗಿರಲಿ, ಮಗು ನಿದ್ದೆಗೆ ಜಾರುವ ಹಾಗೆ ರೆಪ್ಪೆ ಇಳಿಯಲಿ. ಒಂದು ಸಲಕ್ಕೆ ಐದು ಹತ್ತು ನಿಮಿಷ ಸಾಕು. ದಣಿದಿದ್ದರೆ ಮಾಡಬೇಡಿ, ದಣಿದ ಮುಖ ತಪ್ಪನ್ನೇ ಅಭ್ಯಾಸ ಮಾಡುತ್ತದೆ. ಹೊರಗಿನಿಂದ ನೋಡುವವರಿಗೆ ನೀವು ಏನೂ ಮಾಡುತ್ತಿಲ್ಲ ಅನ್ನಿಸಬೇಕು, ಅಷ್ಟು ಚಿಕ್ಕದು. ನನಗೆ ಅಕ್ಕಿಕಾಳಿನಿಂದ ಕಡಲೆಕಾಳಿಗೆ ಬರಲು ಎರಡು ತಿಂಗಳು ಹಿಡಿಯಿತು.

ನೆದರ್ಲೆಂಡ್ಸ್‌ನಲ್ಲಿ ಮೂಕಾಭಿನಯದ ಕಲಾವಿದರು ಮತ್ತು ವೈದ್ಯರು ಸೇರಿ ಇಂಥದೇ ಒಂದು ಕ್ರಮವನ್ನು ರೂಪಿಸಿದ್ದಾರೆ, ಅದಕ್ಕೆ ಮೈಮ್ ಥೆರಪಿ ಅಂತಲೇ ಹೆಸರು. ಅದನ್ನು ಕೇಳಿದಾಗ ನನಗೆ ನಮ್ಮ ಯಕ್ಷಗಾನದವರು ನೆನಪಾದರು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು ಹತ್ತಿರದಿಂದ ನೋಡಿ. ಒಂದು ಹುಬ್ಬು ಮಾತ್ರ ಏರುತ್ತದೆ, ಉಳಿದ ಮುಖ ಕೆರೆಯ ನೀರಿನ ಹಾಗೆ. ಭರತನಾಟ್ಯ ಕಲಿಯುವ ಮಕ್ಕಳು ಹುಬ್ಬು, ರೆಪ್ಪೆ, ಗಲ್ಲ, ತುಟಿ ಒಂದೊಂದನ್ನೂ ಬಿಡಿಬಿಡಿಯಾಗಿ ಆಡಿಸುವುದನ್ನು ವರ್ಷಗಟ್ಟಲೆ ಕಲಿಯುತ್ತಾರೆ. ಒಂದು ಸ್ನಾಯುವನ್ನು ಇನ್ನೊಂದರಿಂದ ಬಿಡಿಸುವ ವಿದ್ಯೆ ನಮ್ಮಲ್ಲಿ ಇಷ್ಟೊಂದಿದೆ, ಅದು ಕಲೆಯ ಮನೆಯಿಂದ ಆಸ್ಪತ್ರೆಯ ಮನೆಗೆ ಇನ್ನೂ ನಡೆದು ಬಂದಿಲ್ಲ. ಇಲ್ಲಿ ಯಾರಾದರೂ ಫಿಸಿಯೋಥೆರಪಿ ಓದುತ್ತಿರುವ ಮಕ್ಕಳಿದ್ದರೆ, ಇದನ್ನು ನಿಮ್ಮ ತಲೆಗೆ ಹಾಕುತ್ತಿದ್ದೇನೆ.

ಅಭ್ಯಾಸದಿಂದ ಬಿಡದ ಸೆಳೆತಕ್ಕೆ ಬೊಟ್ಯುಲಿನಂ ಇಂಜೆಕ್ಷನ್ ಇದೆ, ಜನ ಬೊಟಾಕ್ಸ್ ಅನ್ನುತ್ತಾರೆ. ಸುಕ್ಕಿಗೆ ಹಾಕಿಸಿಕೊಳ್ಳುವ ಶೋಕಿ ಅಂತ ನಾನೂ ತಿಳಿದಿದ್ದೆ. ನಿಜವೆಂದರೆ ಇದರ ಮೊದಲ ಉಪಯೋಗ ಮೆಳ್ಳಗಣ್ಣಿಗೆ, ತಾನೇ ಹಿಂಡಿಕೊಳ್ಳುವ ರೆಪ್ಪೆಗೆ. ಬಹಳ ಸಣ್ಣ ಪ್ರಮಾಣವನ್ನು ಹೆಚ್ಚಾಗಿ ಎಳೆಯುವ ಸ್ನಾಯುವಿಗೆ ಕೊಡುತ್ತಾರೆ, ನರದ ಅಪ್ಪಣೆ ಅಲ್ಲಿಗೆ ಕೆಲವು ತಿಂಗಳು ಮುಟ್ಟುವುದಿಲ್ಲ. ಆ ಬಿಡುವಿನಲ್ಲಿ ಅಭ್ಯಾಸ ಮಾಡಿದರೆ ಹೊಸ ದಾರಿ ಬೇಗ ಕೂರುತ್ತದೆ. ಕಣ್ಣೀರಿನ ತೊಂದರೆಗೂ ಕಣ್ಣೀರಿನ ಗ್ರಂಥಿಗೆ ಕೊಡುತ್ತಾರೆ. ಮುಖದ ನರದ ಕಾಯಿಲೆಗಳನ್ನು ನೋಡಿದ ಅನುಭವ ಇರುವ ವೈದ್ಯರ ಹತ್ತಿರವೇ ಹೋಗಿ. ಸ್ವಲ್ಪ ಹೆಚ್ಚಾದರೂ ರೆಪ್ಪೆ ಜೋಲುತ್ತದೆ, ಅಥವಾ ಕಣ್ಣು ಮತ್ತೆ ಪೂರ್ತಿ ಮುಚ್ಚದೇ ಹೋಗುತ್ತದೆ.

ಮನೆಯವರಿಗೆ ಒಂದೆರಡು ಮಾತು. ಎರಡು ವರ್ಷ ನನ್ನ ಫೋಟೋ ಒಂದೂ ಇಲ್ಲ. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. "ಏನೂ ಗೊತ್ತಾಗಲ್ಲ ಬಿಡೇ" ಅಂತ ಎಲ್ಲರೂ ಪ್ರೀತಿಯಿಂದಲೇ ಅಂದರು. ಆದರೆ ನನಗೆ ಒಳಗೆ ದಿನವಿಡೀ ಗೊತ್ತಾಗುತ್ತಿತ್ತು. ಎಳೆತ, ನೋವು, ದಣಿವು, ನಾನು ನಕ್ಕರೆ ಎದುರಿನವರಿಗೆ ಅಣಕದ ಹಾಗೆ ಕಾಣುತ್ತದೇನೋ ಅನ್ನುವ ಅಂಜಿಕೆ. ನನಗೆ ನೆಮ್ಮದಿ ಕೊಟ್ಟದ್ದು ಮಗಳ ಒಂದು ಅಭ್ಯಾಸ. ಊಟಕ್ಕೆ ಎದುರು ಕೂತು, ನನ್ನ ಕಣ್ಣು ಬಿಗಿದಾಗ ತನ್ನ ಕೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿಕೊಳ್ಳುತ್ತಿದ್ದಳು. ಮಾತಿಲ್ಲ. ನಾನು ತುತ್ತು ನಿಲ್ಲಿಸಿ ಮುಖ ಸಡಿಲ ಮಾಡುತ್ತಿದ್ದೆ. ಒಂದು ವರ್ಷ ಹೀಗೆ ಉಂಡಿದ್ದೇವೆ.

ಪೂರ್ತಿ ಹೋಯಿತೇ ಅಂತ ನೀವು ಕೇಳುತ್ತೀರಿ. ಇಲ್ಲ. ಮುಂದಿನ ಸಾಲಿನಲ್ಲಿರುವವರಿಗೆ ಈಗಲೂ ಕಾಣುತ್ತಿರಬಹುದು, ಮಾತು ಉದ್ದವಾದ ಹಾಗೆ ಬಲಗಣ್ಣು ಚಿಕ್ಕದಾಗಿದೆ. ಚಳಿಯಲ್ಲಿ, ನಿದ್ದೆ ಕೆಟ್ಟ ದಿನ ಹೆಚ್ಚು. ಆದರೆ ಐದಾರು ವರ್ಷ ಕಳೆದ ಮೇಲೆ ಅಭ್ಯಾಸ ಶುರು ಮಾಡಿದವರಿಗೂ ಬಿಗಿತ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಡವಾಯಿತು ಅಂತ ಬಿಡಬೇಡಿ.

ಒಳಗೆ ಬರುವಾಗ ಒಬ್ಬ ತಾಯಿ ಬಾಗಿಲಲ್ಲಿ ಕೇಳಿದರು: ಮಗಳ ಮದುವೆ ಮೂರು ತಿಂಗಳಲ್ಲಿದೆ, ಹಿಂದಿನ ವಾರ ಇಂಜೆಕ್ಷನ್ ಹಾಕಿಸಿದರೆ ಫೋಟೋದಲ್ಲಿ ಸರಿ ಬರುತ್ತದೆಯೇ ಅಂತ. ಹಿಂದಿನ ವಾರ ಬೇಡಮ್ಮ. ಪರಿಣಾಮ ಕಾಣಲು ಕೆಲವು ದಿನ ಬೇಕು, ಪೂರ್ತಿ ಕೂರಲು ಎರಡು ವಾರ. ಮೊದಲ ಸಲ ಹಾಕಿದಾಗ ಪ್ರಮಾಣ ಹೆಚ್ಚು ಕಡಿಮೆ ಆಗಬಹುದು, ಅದನ್ನು ತಿದ್ದಲು ಸಮಯ ಬೇಕು. ಮೂರು ನಾಲ್ಕು ತಿಂಗಳು ಇರುತ್ತದೆ, ಹಾಗಾಗಿ ಈ ವಾರವೇ ವೈದ್ಯರನ್ನು ಕಂಡು ಯಾವಾಗ ಅಂತ ಕೇಳಿ. ಮಗಳನ್ನು ಕರೆದುಕೊಂಡು ಬಂದಿದ್ದೀರಲ್ಲ, ಆಮೇಲೆ ಈ ಕಡೆ ಬನ್ನಿ. ನನ್ನ ಚೀಲದಲ್ಲಿ ಕನ್ನಡಿ ಇದೆ, ಅಕ್ಕಿಕಾಳಿನಷ್ಟು ಏರಿಸುವುದು ಹೇಗೆ ಅಂತ ಇವತ್ತೇ ತೋರಿಸುತ್ತೇನೆ.